ಪುಸ್ತಕ ತೆರೆದರೆ ಎಲ್ಲ ಗೊತ್ತು, ಮುಚ್ಚಿದರೆ ಏನೂ ಇಲ್ಲ: ಮಗಳ ಓದಿಗೆ ಏನು ಮಾಡಲಿ?

ಬೆಣ್ಣೆದೋಸೆ_ದಾವಣಗೆರೆ · ಭಾನುವಾರ ರಾತ್ರಿ 10:48
ಎಲ್ಲರಿಗೂ ನಮಸ್ಕಾರ. ಮಗಳು ದ್ವಿತೀಯ ಪಿಯು ವಿಜ್ಞಾನ ಓದುತ್ತಿದ್ದಾಳೆ. ಮಕ್ಕಳು ಓದುವುದಿಲ್ಲ ಎಂದು ದೂರುವ ತಾಯಂದಿರ ಗುಂಪಿಗೆ ನಾನು ಸೇರಿದವಳಲ್ಲ. ಇವಳು ಸಂಜೆ ಆರಕ್ಕೆ ಕುಳಿತರೆ ಊಟಕ್ಕೆ ಮೂರು ಸಲ ಕೂಗಬೇಕು. ಜೀವಶಾಸ್ತ್ರದ ಪುಸ್ತಕಕ್ಕೆ ನಾಲ್ಕು ಬಣ್ಣದ ಹೈಲೈಟರ್ ಎಳೆದಿದ್ದಾಳೆ, ಈಗ ಬಣ್ಣ ಬೀಳದ ಸಾಲನ್ನು ಹುಡುಕಿ ತೆಗೆಯಬೇಕು. ಒಂದೊಂದು ಅಧ್ಯಾಯವನ್ನು ನಾಲ್ಕೈದು ಸಲ ಓದುತ್ತಾಳೆ. ಮಲಗುವ ಹೊತ್ತಿಗೆ "ಅಮ್ಮಾ, ಎಲ್ಲ ತಲೆಯಲ್ಲಿ ಕೂತಿದೆ" ಎನ್ನುತ್ತಾಳೆ.

ಕಳೆದ ವಾರ ಕಾಲೇಜಿನ ಕಿರುಪರೀಕ್ಷೆಯಲ್ಲಿ ಬೀಜದೊಳಗಿನ ಎಂಡೋಸ್ಪರ್ಮ್ ಬಗ್ಗೆ ಐದು ಅಂಕದ ಪ್ರಶ್ನೆ ಬಂದಿತ್ತು. ಬರೆದದ್ದು ಎರಡು ಸಾಲು. ಮನೆಗೆ ಬಂದು ಅತ್ತಳು. "ಎಡಗಡೆ ಪುಟ, ಚಿತ್ರದ ಕೆಳಗೆ, ಹಳದಿ ಬಣ್ಣ. ಅಲ್ಲಿತ್ತು ಎಂದು ಗೊತ್ತು. ಏನಿತ್ತು ಎಂಬುದೇ ಬರಲಿಲ್ಲ" ಎಂದಳು. ಆ ಮಾತು ಕೇಳಿ ನನಗೇ ದಿಗಿಲಾಯಿತು. ಜ್ಞಾಪಕಶಕ್ತಿ ಕಡಿಮೆಯೇ? ಔಷಧಿ ಅಂಗಡಿಯಲ್ಲಿ ಏನೋ ಪುಡಿ ಇದೆಯಂತೆ, ಕೊಡಿಸಬಹುದೇ?

ಹುಬ್ಬಳ್ಳಿ_ಚುರುಮುರಿ · ರಾತ್ರಿ 10:55
ಎಡಗಡೆ ಪುಟ, ಚಿತ್ರದ ಕೆಳಗೆ! ಇದು ನನ್ನದೇ ಜೀವನಚರಿತ್ರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಮೂರನೆಯ ಸಲ ಕೂರುತ್ತಿದ್ದೇನೆ. ಸಂವಿಧಾನದ ಪುಸ್ತಕದ ಮೇಲೆ ಚಹಾ ಚೆಲ್ಲಿದ ಕಲೆ ಯಾವ ವಿಧಿಯ ಪಕ್ಕದಲ್ಲಿದೆ ಎಂದು ಕೇಳಿ, ಹೇಳುತ್ತೇನೆ. ವಿಧಿಯಲ್ಲಿ ಏನಿದೆ ಎಂದು ಮಾತ್ರ ಕೇಳಬೇಡಿ.

ಶಿರಸಿಯ_ಅಡಿಕೆ · ರಾತ್ರಿ 11:02
ಪುಡಿಗಿಡಿ ಬೇಡ ಅಕ್ಕ. ಒಂದೆಲಗದ ತಂಬುಳಿ ವಾರಕ್ಕೆ ಎರಡು ದಿನ ಮಾಡಿ. ನಮ್ಮ ಮನೆಯಲ್ಲಿ ಮೂರು ತಲೆಮಾರು ಅದನ್ನೇ ಉಂಡು ಓದಿದ್ದು.

ಸುಮ್ಮನೆ_ಒಬ್ಬ · ರಾತ್ರಿ 11:04
ಮೂರು ತಲೆಮಾರು ಉಂಡು ಮೂರನೆಯವರು ಅಡಿಕೆ ತೋಟ ನೋಡಿಕೊಳ್ಳುತ್ತಿದ್ದಾರೆ, ಅಲ್ಲವೇ?

ಶಿರಸಿಯ_ಅಡಿಕೆ · ರಾತ್ರಿ 11:05
ಎಂಜಿನಿಯರಿಂಗ್ ಮುಗಿಸಿಯೇ ತೋಟಕ್ಕೆ ಬಂದದ್ದು ಸ್ವಾಮಿ. ತೋಟಕ್ಕೂ ನೆನಪು ಬೇಕು.

ಕೋಲಾರದ_ಮಾವು · ಸೋಮವಾರ ಬೆಳಿಗ್ಗೆ 6:10
ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ಕಲ್ಲಿನ ಮೇಲೆ ಕೆತ್ತಿದ ಹಾಗೆ.

ರಾತ್ರಿಪಾಳಿ_ನರ್ಸ್ · ಬೆಳಿಗ್ಗೆ 7:30
ಹತ್ತೂವರೆ, ಹನ್ನೊಂದಕ್ಕೆ ಮಲಗುವ ಹುಡುಗಿಯನ್ನು ನಾಲ್ಕಕ್ಕೆ ಎಬ್ಬಿಸಿದರೆ ಆಕೆಗೆ ಸಿಗುವುದು ಐದು ಗಂಟೆ ನಿದ್ದೆ. ದಯವಿಟ್ಟು ಈ ಸಲಹೆ ಪಾಲಿಸಬೇಡಿ. ಓದಿದ ಮೇಲೆ ಮಲಗಿದರೆ ಎಚ್ಚರವಿದ್ದುದಕ್ಕಿಂತ ಹೆಚ್ಚು ನೆನಪು ಉಳಿಯುತ್ತದೆ ಎಂದು 1924ರಷ್ಟು ಹಿಂದೆಯೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಪ್ರಯೋಗ ಮಾಡಿ ತೋರಿಸಿದ್ದರು. ನಾನು ತರಬೇತಿಯಲ್ಲಿದ್ದಾಗ ನಿದ್ದೆಗೆಟ್ಟು ಓದಿ, ಪರೀಕ್ಷೆಯಲ್ಲಿ ನನ್ನ ನೋಂದಣಿ ಸಂಖ್ಯೆಯನ್ನೇ ತಪ್ಪು ಬರೆದಿದ್ದೆ.

ಗಂಗೋತ್ರಿ_ಮನೋವಿಜ್ಞಾನ · ಬೆಳಿಗ್ಗೆ 9:15
ಬೆಣ್ಣೆದೋಸೆ ಮೇಡಂ, ನಾನು ಮೈಸೂರಿನಲ್ಲಿ ಮನೋವಿಜ್ಞಾನ ಓದಿದವಳು, ವೈದ್ಯೆ ಅಲ್ಲ. ಆದರೂ ಹೇಳುತ್ತೇನೆ: ನೀವು ಬರೆದದ್ದರಲ್ಲಿ ಜ್ಞಾಪಕಶಕ್ತಿ ಕಡಿಮೆ ಇರುವ ಲಕ್ಷಣ ನನಗೆ ಕಾಣುತ್ತಿಲ್ಲ. ಪುಟ, ಚಿತ್ರ, ಬಣ್ಣ ಎಲ್ಲ ನೆನಪಿದೆ. ಅವಳು ಏನನ್ನು ಅಭ್ಯಾಸ ಮಾಡಿದಳೋ ಅದು ಬಂದಿದೆ. ಅವಳು ಅಭ್ಯಾಸ ಮಾಡಿದ್ದು ನೋಡುವುದನ್ನು. ಪರೀಕ್ಷೆ ಕೇಳಿದ್ದು ನೋಡದೆ ಹೇಳುವುದನ್ನು.

ಐದನೆಯ ಸಲ ಓದುವಾಗ ಸಾಲುಗಳು ಬೆಣ್ಣೆಯ ಹಾಗೆ ಜಾರುತ್ತವೆ. ಆ ಸಲೀಸನ್ನು ಮನಸ್ಸು "ಇದು ನನಗೆ ಗೊತ್ತು" ಎಂದು ಓದಿಕೊಳ್ಳುತ್ತದೆ. ದಾರಿಯಲ್ಲಿ ದಿನಾ ಎದುರಾಗುವವರ ಮುಖದ ಪರಿಚಯವಿದ್ದು ಹೆಸರು ಗೊತ್ತಿಲ್ಲದ ಹಾಗೆ. ಗುರುತು ಹಿಡಿಯುವುದು ಬೇರೆ, ನೆನೆದು ಹೇಳುವುದು ಬೇರೆ.

2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಇದನ್ನು ಅಳೆದು ನೋಡಿದರು. ವಿದ್ಯಾರ್ಥಿಗಳಿಗೆ ಓದಲು ಸಣ್ಣ ಪಾಠಗಳನ್ನು ಕೊಟ್ಟರು. ಒಂದು ಸೂರ್ಯನ ಬಗ್ಗೆ, ಇನ್ನೊಂದು ಕಡಲಿನ ನೀರುನಾಯಿಯ ಬಗ್ಗೆ. ಒಂದನ್ನು ಎರಡು ಸಲ ಓದಬೇಕು. ಇನ್ನೊಂದನ್ನು ಒಮ್ಮೆ ಓದಿ, ಎತ್ತಿಟ್ಟು, ನೆನಪಿದ್ದಷ್ಟನ್ನು ಖಾಲಿ ಹಾಳೆಯಲ್ಲಿ ಬರೆಯಬೇಕು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮುಂದಿತ್ತು: ಶೇ. 81ಕ್ಕೆ ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ತಲೆಕೆಳಗು. ಎರಡು ಸಲ ಓದಿದ್ದು ಶೇ. 42ಕ್ಕೆ ಇಳಿದಿತ್ತು, ಓದಿ ಬರೆದದ್ದು ಶೇ. 56ರಲ್ಲಿ ನಿಂತಿತ್ತು.

ನಿಮ್ಮ ಮಗಳು ಮಲಗುವಾಗ ಹೇಳುವುದು ಆ ಐದು ನಿಮಿಷದ ಸತ್ಯ. ಕಾಲೇಜು ಕೇಳುವುದು ಒಂದು ವಾರದ ಸತ್ಯವನ್ನು.

ಹುಬ್ಬಳ್ಳಿ_ಚುರುಮುರಿ · ಬೆಳಿಗ್ಗೆ 9:21
ಐದು ನಿಮಿಷದ ಸತ್ಯದ ಮೇಲೆ ನಾನು ಎರಡು ವರ್ಷ ಕಳೆದಿದ್ದೇನೆ ಮೇಡಂ. ಮೊದಲೇ ಹೇಳಬಾರದಿತ್ತೇ?

ಲ್ಯಾಪ್‌ಟಾಪ್_ಲಿಂಗಣ್ಣ · ಬೆಳಿಗ್ಗೆ 10:02
ಇದಕ್ಕೊಂದು ಪಿರಮಿಡ್ ಇದೆ, ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ಇನ್ನೊಬ್ಬರಿಗೆ ಕಲಿಸಿದ್ದರಲ್ಲಿ ಶೇ. 90 ನೆನಪಿರುತ್ತದೆ. ಇನ್ನೊಂದು ವಿಷಯ, ನಿಮ್ಮ ಮಗಳು ಕಣ್ಣಿನಿಂದ ಕಲಿಯುವ ಜಾತಿ ಇರಬೇಕು. ವಿಡಿಯೊ ತೋರಿಸಿ.

ಗಂಗೋತ್ರಿ_ಮನೋವಿಜ್ಞಾನ · ಬೆಳಿಗ್ಗೆ 10:20
ಲಿಂಗಣ್ಣ ಅವರೇ, ಆ ಪಿರಮಿಡ್ ಅನ್ನು ಶಿಕ್ಷಕರ ತರಬೇತಿಗಳಲ್ಲೂ ತೋರಿಸುತ್ತಾರೆ, ನಿಮ್ಮ ತಪ್ಪಲ್ಲ. ಆ ದುಂಡು ದುಂಡು ಅಂಕಿಗಳ ಹಿಂದೆ ಯಾವ ಪ್ರಯೋಗವೂ ಇಲ್ಲ. ಎಡ್ಗರ್ ಡೇಲ್ 1946ರಲ್ಲಿ ಅನುಭವದ ಶಂಕು ಎಂದು ಒಂದು ಚಿತ್ರ ಬರೆದಿದ್ದರು, ಅದರಲ್ಲಿ ಒಂದೇ ಒಂದು ಶೇಕಡಾವಾರು ಇರಲಿಲ್ಲ. ಅಂಕಿಗಳನ್ನು ಆಮೇಲೆ ಯಾರೋ ಅಂಟಿಸಿದರು.

ಕಣ್ಣಿನವರು, ಕಿವಿಯವರು ಎಂಬ ವಿಂಗಡಣೆಯನ್ನು 2008ರಲ್ಲಿ ಪ್ಯಾಶ್ಲರ್ ಮತ್ತು ಸಂಗಡಿಗರು ಜಾಲಾಡಿದರು. ಕಣ್ಣಿನವರಿಗೆ ಕಣ್ಣಿನಿಂದಲೇ ಕಲಿಸಿದರೆ ಹೆಚ್ಚು ಬರುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಹೂವಿನ ಭಾಗಗಳನ್ನು ಎಲ್ಲರೂ ಚಿತ್ರ ನೋಡಿಯೇ ಕಲಿಯಬೇಕು, ರಾಗವನ್ನು ಎಲ್ಲರೂ ಕೇಳಿಯೇ ಕಲಿಯಬೇಕು.

ನಿವೃತ್ತ_ಮೇಷ್ಟ್ರು · ಬೆಳಿಗ್ಗೆ 11:40
ಎಲ್ಲ ಓದಿದೆ. ಈಗಿನವರು ಬಾಯಿಪಾಠ ಎಂದರೆ ಮೂಗು ಮುರಿಯುತ್ತೀರಿ, ಆಮೇಲೆ ಮಕ್ಕಳಿಗೆ ನೆನಪಿಲ್ಲ ಎಂದು ಅಳುತ್ತೀರಿ. 31 ವರ್ಷ ಹಳ್ಳಿಯ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಸಂಜೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎರಡೊಂದಲೆ ಎರಡರಿಂದ ಇಪ್ಪತ್ತರವರೆಗೆ ಮಗ್ಗಿ ಹೇಳಿಸುತ್ತಿದ್ದೆವು. ಅವರಲ್ಲಿ ಈಗ ಅಜ್ಜಂದಿರಾದವರಿದ್ದಾರೆ. ಸಂತೆಯಲ್ಲಿ ಹದಿನಾರೇಳಲೆ ನೂರಾ ಹನ್ನೆರಡು ಎಂದು ಬಾಯಲ್ಲೇ ಲೆಕ್ಕ ಮುಗಿಸುತ್ತಾರೆ. ಅವರ ಮೊಮ್ಮಕ್ಕಳು ಮೊಬೈಲ್ ತೆಗೆಯುತ್ತಾರೆ. ಸೇಂಟ್ ಲೂಯಿಸ್‌ನವರು 2006ರಲ್ಲಿ ಕಂಡುಹಿಡಿಯುವ ತನಕ ನಮಗೇನೂ ಗೊತ್ತಿರಲಿಲ್ಲವೇ?

ಗಂಗೋತ್ರಿ_ಮನೋವಿಜ್ಞಾನ · ಮಧ್ಯಾಹ್ನ 12:05
ಮೇಷ್ಟ್ರೇ, ಜಗಳಕ್ಕೆ ಬಂದು ನನ್ನ ಪಕ್ಷವನ್ನೇ ಗಟ್ಟಿ ಮಾಡಿದಿರಿ! ನಿಮ್ಮ ಸಾಲಿನಲ್ಲಿ ನಿಂತ ಹುಡುಗನ ಕೈಯಲ್ಲಿ ಪುಸ್ತಕ ಇತ್ತೇ? ಇರಲಿಲ್ಲ. ಅವನು ಓದುತ್ತಿರಲಿಲ್ಲ, ಒಪ್ಪಿಸುತ್ತಿದ್ದ. ದಿನಾ ಸಂಜೆ, ನೋಡದೆ, ಎಲ್ಲರೆದುರು, ತಪ್ಪಿದರೆ ಅಲ್ಲೇ ತಿದ್ದಿಸಿಕೊಂಡು. ಆ ಪ್ರಯೋಗದ ಖಾಲಿ ಹಾಳೆ ಮಾಡಿದ್ದು ಅದೇ ಕೆಲಸವನ್ನು. ನಾವು ಬಿಟ್ಟದ್ದು ಬಾಯಿಪಾಠವನ್ನಲ್ಲ ಮೇಷ್ಟ್ರೇ, ಮಕ್ಕಳು ಈಗಲೂ ಉರು ಹೊಡೆಯುತ್ತಾರೆ. ನಾವು ಬಿಟ್ಟದ್ದು ಪಾಠ ಒಪ್ಪಿಸುವುದನ್ನು.

ನಿವೃತ್ತ_ಮೇಷ್ಟ್ರು · ಮಧ್ಯಾಹ್ನ 12:31
ಒಪ್ಪಿಸುವುದು. ಆ ಮಾತು ಕೇಳಿ ಎಷ್ಟು ವರ್ಷವಾಯಿತು. ಸರಿ, ಒಪ್ಪಿದೆ.

ಚೆಂಡೆಮದ್ದಳೆ · ಮಧ್ಯಾಹ್ನ 1:15
ಮೇಷ್ಟ್ರಿಗೆ ಪೂರ್ತಿ ಗೆಲುವು ಕೊಡಬೇಡಿ. ನಮ್ಮ ಮಾವ ಯಕ್ಷಗಾನದಲ್ಲಿ ಹಾಡುವ ಹವ್ಯಾಸಿ ಭಾಗವತರು. ರಾತ್ರಿಯಿಡೀ ಪ್ರಸಂಗ ಹಾಡುತ್ತಾರೆ, ಎದುರಿಗೆ ಪುಸ್ತಕ ಬೇಡ. ಆದರೆ ಒಂದು ಪದ್ಯದ ಮೂರನೆಯ ಸಾಲು ಏನು ಎಂದು ಕೇಳಿದರೆ ತಕ್ಷಣ ಹೇಳಲಾರರು. ತೊಡೆಯ ಮೇಲೆ ತಾಳ ಹಾಕಿಕೊಂಡು ಮೊದಲಿನಿಂದ ಗುನುಗಿಕೊಂಡು ಬಂದು ಮೂರನೆಯ ಸಾಲಿನಲ್ಲಿ ದನಿ ಎತ್ತುತ್ತಾರೆ. ಮಧ್ಯದಲ್ಲಿ ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲಿನಿಂದ.

ನೀವೇ ಈಗ ಹೇಳಿ ನೋಡಿ: ವರ್ಣಮಾಲೆಯಲ್ಲಿ 'ಸ' ಹಿಂದಿನ ಅಕ್ಷರ ಯಾವುದು?

ಸುಮ್ಮನೆ_ಒಬ್ಬ · ಮಧ್ಯಾಹ್ನ 1:17
ಯ ರ ಲ ವ ಶ ಷ... ಷ. ಅಯ್ಯೋ, ಸಿಕ್ಕಿಬಿದ್ದೆ.

ನಿವೃತ್ತ_ಮೇಷ್ಟ್ರು · ಮಧ್ಯಾಹ್ನ 1:40
ನಿಜ. ಹದಿನೇಳು ಒಂಬತ್ತಲೆ ಎಷ್ಟು ಎಂದರೆ ಹದಿನೇಳೊಂದಲೆಯಿಂದ ಶುರು ಮಾಡಿ ಬೆರಳು ಮಡಚುತ್ತಾ ಬರುವವರಿದ್ದರು. ಅದಕ್ಕೇ ನಾನು ಅಡ್ಡಡ್ಡ ಕೇಳುತ್ತಿದ್ದೆ. ಮಕ್ಕಳು ಅದಕ್ಕೇ ನನ್ನನ್ನು ಕಂಡರೆ ಹೆದರುತ್ತಿದ್ದರು.

ಗಂಗೋತ್ರಿ_ಮನೋವಿಜ್ಞಾನ · ಮಧ್ಯಾಹ್ನ 2:10
ಮೇಷ್ಟ್ರು ಅಡ್ಡಡ್ಡ ಕೇಳಿದ್ದೇ ಮದ್ದು. ಸಾಲಾಗಿ ಕಟ್ಟಿದ ನೆನಪಿನಲ್ಲಿ ಒಂದು ಸಾಲು ಮುಂದಿನ ಸಾಲಿಗೆ ಕೊಂಡಿ. ಹಾಡುವವರಿಗೆ ಅದು ಸಾಕು, ಪ್ರಶ್ನೆಪತ್ರಿಕೆ ಮಾತ್ರ ನಡುವಿನಿಂದಲೇ ಕೇಳುತ್ತದೆ.

ಚೆಂಡೆಮದ್ದಳೆ ಅವರೇ, ನಿಮ್ಮ ಮಾತಿನಿಂದ ಅಷ್ಟಾವಧಾನ ನೆನಪಾಯಿತು, ಎಂಟು ಜನ ಒಡ್ಡುವ ಸವಾಲುಗಳನ್ನು ಒಬ್ಬ ಕವಿ ಏನನ್ನೂ ಬರೆದುಕೊಳ್ಳದೆ ನಿಭಾಯಿಸುವ ಕಲೆ. ಆ ಕವಿ, ಎಂದರೆ ಅವಧಾನಿ, ಸಮಸ್ಯೆ (ಕೊಟ್ಟ ಸಾಲಿಗೆ ಪದ್ಯ), ದತ್ತಪದಿ (ಕೊಟ್ಟ ಪದಗಳಿಗೆ ಪದ್ಯ), ನಿಷೇಧಾಕ್ಷರಿ (ಬೇಡವೆಂದ ಅಕ್ಷರ ಬಿಟ್ಟು ಪದ್ಯ) ಮುಂತಾದವಕ್ಕೆ ಸುತ್ತಿಗೊಂದು ಸಾಲಿನಂತೆ ಪದ್ಯ ಕಟ್ಟುತ್ತಾ ಹೋಗುತ್ತಾರೆ. ನಡುನಡುವೆ ಅಪ್ರಸ್ತುತ ಪ್ರಸಂಗದವರು ಏನೇನೋ ಕೇಳಿ ಎಳೆದಾಡುತ್ತಾರೆ. ಕೊನೆಗೆ ಧಾರಣೆ ಎಂಬ ಸುತ್ತಿನಲ್ಲಿ ಎಲ್ಲ ಪದ್ಯಗಳನ್ನೂ ನೆನಪಿನಿಂದ ಪೂರ್ತಿಯಾಗಿ ಹೇಳಬೇಕು. 1956ರಲ್ಲಿ ಜಾರ್ಜ್ ಮಿಲ್ಲರ್ ತಕ್ಷಣದ ನೆನಪಿನಲ್ಲಿ ಏಳು, ಎರಡು ಹೆಚ್ಚು ಅಥವಾ ಕಡಿಮೆ ತುಣುಕುಗಳು ಹಿಡಿಯುತ್ತವೆ ಎಂದು ಬರೆದರು. ನಾಲ್ಕೇ ಎಂದು 2001ರಲ್ಲಿ ಕೋವನ್ ವಾದಿಸಿದರು. ತುಣುಕು ಎಷ್ಟು ದೊಡ್ಡದು ಎಂಬುದು ಕಲಿತವರ ಕೈಯಲ್ಲಿದೆ. ನನಗೆ ಹತ್ತು ಅಕ್ಷರವಾಗಿ ಕಾಣುವುದು ಛಂದಸ್ಸು ಬಲ್ಲವರಿಗೆ ಎರಡು ಗಣವಾಗಿ ಕಾಣಬಹುದು.

ಟೊರಾಂಟೊ_ಕನ್ನಡಿಗ · ಸೋಮವಾರ ರಾತ್ರಿ 8:50
ತಡವಾಗಿ ಬಂದೆ. ಎಬ್ಬಿಂಗ್‌ಹೌಸ್ ಎಂಬವರು 1885ರಲ್ಲೇ ತೋರಿಸಿದ್ದಾರಲ್ಲ, ಓದಿದ್ದರಲ್ಲಿ ಮೂರನೆಯ ಎರಡು ಭಾಗ ಒಂದೇ ದಿನದಲ್ಲಿ ಮರೆತುಹೋಗುತ್ತದೆ. ಹುಡುಗಿಯನ್ನು ಬೈದು ಏನು ಪ್ರಯೋಜನ?

ಬೆಣ್ಣೆದೋಸೆ_ದಾವಣಗೆರೆ · ರಾತ್ರಿ 8:58
ನಾನು ಬೈದಿಲ್ಲ!

ಗಂಗೋತ್ರಿ_ಮನೋವಿಜ್ಞಾನ · ರಾತ್ರಿ 9:12
ಸಣ್ಣ ತಿದ್ದುಪಡಿ. ಆ ಪುಣ್ಯಾತ್ಮ ಓದಿದ್ದು ಅರ್ಥವೇ ಇಲ್ಲದ ಮೂರಕ್ಷರದ ಶಬ್ದಗಳನ್ನು, ಪ್ರಯೋಗಕ್ಕೆ ಒಳಗಾದದ್ದು ಅವರೊಬ್ಬರೇ. ಎಷ್ಟು ನೆನಪಿದೆ ಎಂದು ಅವರು ಎಣಿಸಲಿಲ್ಲ. ಅದೇ ಪಟ್ಟಿಯನ್ನು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಎಂದು ಎಣಿಸಿದರು. ಒಂದು ದಿನದ ಮೇಲೆ ಉಳಿತಾಯ ಸುಮಾರು ಶೇ. 34, ಒಂದು ತಿಂಗಳ ಮೇಲೆ ಸುಮಾರು ಶೇ. 21. ಎಂದರೆ, ಪೂರ್ತಿ ಮರೆತೆವು ಎಂದುಕೊಂಡದ್ದನ್ನೂ ಮತ್ತೆ ಕಲಿಯಲು ಕಡಿಮೆ ಹೊತ್ತು ಸಾಕು. ಅದಕ್ಕೇ ಒಂದೇ ರಾತ್ರಿ ಐದು ಸಲ ಓದುವ ಬದಲು ಇವತ್ತು, ಮೂರು ದಿನ ಬಿಟ್ಟು, ಹತ್ತು ದಿನ ಬಿಟ್ಟು ಒಪ್ಪಿಸಬೇಕು. ಸ್ವಲ್ಪ ಮರೆತ ಮೇಲೆ ತೆಗೆದರೆ ತಿಣುಕಬೇಕಾಗುತ್ತದೆ. ತಿಣುಕುವುದು ಒಳ್ಳೆಯದು.

ಟೊರಾಂಟೊ_ಕನ್ನಡಿಗ · ರಾತ್ರಿ 9:30
ಒಪ್ಪಿದೆ. ಆದರೆ ಕೆಲವು ನೆನಪುಗಳಿಗೆ ಈ ಲೆಕ್ಕ ತಾಗುವುದಿಲ್ಲ. ಡಾ. ರಾಜ್‌ಕುಮಾರ್ ಅಪಹರಣದ ಸುದ್ದಿ ಕೇಳಿದ ಕ್ಷಣ ನನಗೆ ನಿನ್ನೆಯ ಹಾಗಿದೆ. ಏಳನೆಯ ತರಗತಿ. ಶನಿವಾರ ಬೆಳಗಿನ ಶಾಲೆ, ಎಲ್ಲರೂ ಬಿಳಿ ಸಮವಸ್ತ್ರದಲ್ಲಿದ್ದೆವು. ಮುಖ್ಯೋಪಾಧ್ಯಾಯರು ಬಂದು ಬಾಗಿಲಲ್ಲಿ ನಿಂತು ಹೇಳಿದರು, ಶಾಲೆ ಬಿಟ್ಟರು. ಪಕ್ಕದವನ ಅಂಗಿಯ ಮೇಲೆ ಶಾಯಿಯ ಕಲೆ ಇತ್ತು, ಅದೂ ಕಾಣುತ್ತದೆ.

ಕೋಲಾರದ_ಮಾವು · ರಾತ್ರಿ 9:34
ಅಪಹರಣ ಆದದ್ದು 2000ದ ಜುಲೈ 30, ಭಾನುವಾರ ರಾತ್ರಿ, ಗಾಜನೂರಿನಲ್ಲಿ. ಜನಕ್ಕೆಲ್ಲ ಗೊತ್ತಾದದ್ದು ಸೋಮವಾರ. ಶನಿವಾರ ಹೇಗಾಗುತ್ತದೆ ಸ್ವಾಮಿ?

ಟೊರಾಂಟೊ_ಕನ್ನಡಿಗ · ರಾತ್ರಿ 9:36
ಸಾಧ್ಯವೇ ಇಲ್ಲ. ಬಿಳಿ ಸಮವಸ್ತ್ರ ಶನಿವಾರ ಮಾತ್ರ ಇದ್ದದ್ದು.

ಕೋಲಾರದ_ಮಾವು · ರಾತ್ರಿ 9:37
ಕ್ಯಾಲೆಂಡರ್ ನೋಡಿ.

ಟೊರಾಂಟೊ_ಕನ್ನಡಿಗ · ರಾತ್ರಿ 9:49
ನೋಡಿದೆ. ಭಾನುವಾರವೇ. ಊರಿನಲ್ಲಿರುವ ಅಣ್ಣನನ್ನು ಎಬ್ಬಿಸಿ ಕೇಳಿದೆ. ಆ ದಿನ ನಾನು ಶಾಲೆಗೇ ಹೋಗಿರಲಿಲ್ಲವಂತೆ, ಜ್ವರ ಬಂದು ಮಲಗಿದ್ದೆನಂತೆ. ಹಾಗಾದರೆ ಆ ಶಾಯಿಯ ಕಲೆ ಯಾರದ್ದು?

ಹುಬ್ಬಳ್ಳಿ_ಚುರುಮುರಿ · ರಾತ್ರಿ 9:51
ಅಣ್ಣನ ನೆನಪು ಸರಿ ಎಂದು ಯಾರು ಹೇಳಿದರು? ಜ್ವರ ಬಂದದ್ದು ಅವರಿಗೇ ಇರಬಹುದು.

ಗಂಗೋತ್ರಿ_ಮನೋವಿಜ್ಞಾನ · ರಾತ್ರಿ 10:05
ಚುರುಮುರಿಯವರ ಅನುಮಾನ ಸರಿಯಾಗಿದೆ, ಅಣ್ಣನ ನೆನಪೂ ನೆನಪೇ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿಯಿತಲ್ಲ, ಮರುದಿನವೇ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ ಸುದ್ದಿಯನ್ನು ಎಲ್ಲಿ, ಹೇಗೆ ಕೇಳಿದಿರಿ ಎಂದು ಬರೆಸಿಟ್ಟುಕೊಂಡರು. ಸುಮಾರು ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಜನರನ್ನು ಮತ್ತೆ ಕೇಳಿದರು. ಕಾಲು ಭಾಗದಷ್ಟು ಜನ ಪ್ರತಿಯೊಂದು ವಿವರವನ್ನೂ ತಪ್ಪು ಹೇಳಿದರು, ಅದೂ ಪೂರ್ತಿ ನಂಬಿಕೆಯಿಂದ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ.

ನೆನಪು ಕಪಾಟಿನಲ್ಲಿಟ್ಟ ಫೋಟೊ ಅಲ್ಲ. ಪ್ರತಿ ಸಲವೂ ಕಟ್ಟುತ್ತೇವೆ, ಕೈಗೆ ಸಿಕ್ಕಿದ ಇಟ್ಟಿಗೆಯಿಂದ. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಎಲ್ಲರಿಗೂ ಅವೇ ಅಪಘಾತಗಳ ಚಲನಚಿತ್ರ ತುಣುಕುಗಳನ್ನು ತೋರಿಸಿ, ಕಾರುಗಳು "ತಾಗಿದಾಗ" ವೇಗ ಎಷ್ಟಿತ್ತು ಎಂದು ಕೆಲವರನ್ನು, "ಅಪ್ಪಳಿಸಿದಾಗ" ಎಷ್ಟಿತ್ತು ಎಂದು ಕೆಲವರನ್ನು ಕೇಳಿದರು. ಮೊದಲಿನವರು ಗಂಟೆಗೆ ಸರಾಸರಿ ಸುಮಾರು 32 ಮೈಲಿ ಎಂದರು, ಎರಡನೆಯವರು ಸುಮಾರು 41. ಕ್ರಿಯಾಪದವೊಂದು ಕಾರನ್ನು ಓಡಿಸಿಬಿಟ್ಟಿತು.

ಚೆಂಡೆಮದ್ದಳೆ · ರಾತ್ರಿ 10:20
ಗಂಡ ಹೆಂಡಿರ ಜಗಳದಲ್ಲಿ "ಅವತ್ತು ನೀವು ಕಿರುಚಿದಿರಿ", "ಇಲ್ಲ, ದನಿ ಎತ್ತಿದೆ ಅಷ್ಟೇ" ಎಂಬುದು ಯಾಕೆ ಮುಗಿಯುವುದಿಲ್ಲ ಎಂದು ಈಗ ಅರ್ಥವಾಯಿತು.

ನಿವೃತ್ತ_ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 6:40
ವಿಷಯ ಬಿಟ್ಟು ಹೋಗುತ್ತಿದೆ, ಆದರೂ ನಾನೂ ಒಂದು ಸೇರಿಸುತ್ತೇನೆ. ಗಂಗೋತ್ರಿಯವರು ಓದಿದ ಮೈಸೂರಿನ ವಿಭಾಗವನ್ನು 1924ರಲ್ಲಿ ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರ ಆರಂಭಿಸಿದವರೂ ಅದೇ ಮನೋವಿಜ್ಞಾನದ ಮೇಷ್ಟ್ರು. ಈ ಹೆಸರು ಆಮೇಲೆ ದೇಶಕ್ಕೇ ಬಂತು.

ಗಂಗೋತ್ರಿ_ಮನೋವಿಜ್ಞಾನ · ಬೆಳಿಗ್ಗೆ 8:00
ಮೊದಲ ತರಗತಿಯಲ್ಲೇ ನಮಗೆ ಹೇಳಿದ್ದರು ಮೇಷ್ಟ್ರೇ. ಯಾರು ಹೇಳಿದರು ಎಂದು ಕೇಳಬೇಡಿ, ನಿನ್ನೆ ರಾತ್ರಿಯಿಂದ ನನ್ನ ನೆನಪಿನ ಮೇಲೂ ನನಗೆ ನಂಬಿಕೆ ಇಲ್ಲ.

ಲ್ಯಾಪ್‌ಟಾಪ್_ಲಿಂಗಣ್ಣ · ಬೆಳಿಗ್ಗೆ 9:05
ಹಾಗಾದರೆ ಹೈಲೈಟರ್ ಕಿತ್ತುಕೊಳ್ಳಬೇಕೇ? ನನ್ನ ಮಗನ ಬಳಿಯೂ ಒಂದು ಡಬ್ಬಿ ಇದೆ.

ರಾತ್ರಿಪಾಳಿ_ನರ್ಸ್ · ಬೆಳಿಗ್ಗೆ 9:20
ಕಿತ್ತುಕೊಂಡರೆ ರಾದ್ಧಾಂತವಾಗುತ್ತದೆ. ಇರಲಿ ಬಿಡಿ. ಪುಸ್ತಕ ಮುಚ್ಚಿ ಹೇಳಿದ ಮೇಲೆ, ಬಾರದೆ ಹೋದ ಸಾಲಿಗೆ ಮಾತ್ರ ಬಣ್ಣ ಹಚ್ಚಲಿ.

ಗಂಗೋತ್ರಿ_ಮನೋವಿಜ್ಞಾನ · ಬೆಳಿಗ್ಗೆ 9:24
ಇದು ನನಗೆ ಹೊಳೆದಿರಲಿಲ್ಲ.

ಬೆಣ್ಣೆದೋಸೆ_ದಾವಣಗೆರೆ · ಮುಂದಿನ ಭಾನುವಾರ ಸಂಜೆ 6:15
ವರದಿ ಒಪ್ಪಿಸಲು ಬಂದಿದ್ದೇನೆ. ಮೊದಲ ದಿನ ನಾನೇ ಪುಸ್ತಕ ಹಿಡಿದು ಕೇಳಿದೆ. ಎರಡನೆಯ ಪ್ರಶ್ನೆಗೇ ಜಗಳ. "ನೀನು ಕೇಳುವಾಗ ಇದ್ದದ್ದೂ ಮರೆತುಹೋಗುತ್ತದೆ" ಎಂದಳು. ಖಾಲಿ ಹಾಳೆಯಲ್ಲಿ ಬರೆ ಎಂದೆ. ಅರ್ಧ ಪುಟ ಬರೆದು, "ನಾನು ದಡ್ಡಿ ಎಂದು ತೋರಿಸಲು ಇದೆಲ್ಲ" ಎಂದು ಪೆನ್ನು ಎಸೆದಳು. ಐದು ಸಲ ಓದಿ ಮಲಗಿದಾಗ ಸಿಗುತ್ತಿದ್ದ ನೆಮ್ಮದಿ ಇದರಲ್ಲಿ ಇಲ್ಲ, ಅದು ನಿಜ.

ಗುರುವಾರ ನಾನು ಕೆಲಸದಿಂದ ಬರುವುದು ತಡವಾಯಿತು. ಅಡುಗೆಮನೆಯಲ್ಲಿ ಅತ್ತೆ ಕಾಯಿ ಒಡೆಯುತ್ತಿದ್ದರು, ಇವಳು ಪಕ್ಕದಲ್ಲಿ ನಿಂತು ಅದೇ ಎಂಡೋಸ್ಪರ್ಮ್ ಹೇಳುತ್ತಿದ್ದಳು. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಓದುವುದನ್ನು ಅಜ್ಜಿಗಾಗಿ ಕನ್ನಡದಲ್ಲಿ ಹೇಳಬೇಕಲ್ಲ, ಮಾತಿಗೆ ತಡಕಾಡುತ್ತಿದ್ದಳು. "ಎಳನೀರು ಇದೆಯಲ್ಲ ಅಜ್ಜಿ, ಅದು ಬೀಜದೊಳಗಿನ ಕೂಸಿಗೆ ಇಟ್ಟ ಊಟ. ಸಾವಿರಾರು ಕೋಶಕೇಂದ್ರ ಅದರಲ್ಲಿ ತೇಲುತ್ತಿರುತ್ತವೆ, ನಡುವೆ ಗೋಡೆ ಇರುವುದಿಲ್ಲ. ಸುತ್ತ ಇರುವ ಬಿಳಿಯ ತಿರುಳೂ ಅದೇ, ಅಲ್ಲಿ ಗೋಡೆ ಬಂದಿರುತ್ತದೆ."

ಅತ್ತೆಗೆ ಓದು ಬಾರದು. ಕಾಯಿ ಕೈಯಲ್ಲಿ ಹಿಡಿದು ಕೇಳಿದರು: "ಊಟ ಇಷ್ಟಿದೆ. ಉಣ್ಣುವ ಕೂಸು ಎಲ್ಲಿ?"

ಇವಳು ಬಾಯಿ ಮುಚ್ಚಿದಳು. ಓಡಿ ಹೋಗಿ ಪುಸ್ತಕ ತಂದಳು, ಎಡಗಡೆ ಪುಟ, ಚಿತ್ರದ ಕೆಳಗೆ, ಹಳದಿ. ತೆಂಗಿನ ಮಾತು ಅಲ್ಲಿತ್ತು, ಕೂಸು ಎಲ್ಲಿ ಎಂಬುದು ಇರಲಿಲ್ಲ. ಅತ್ತೆ ಜುಟ್ಟು ಕಿತ್ತ ಹೋಳನ್ನು ತಿರುಗಿಸಿ ಮೂರು ಕಣ್ಣುಗಳನ್ನೂ ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿದರು. ಎರಡು ಗಟ್ಟಿ. ಮೂರನೆಯದು ಮೆತ್ತಗೆ ಒಳಗೆ ಹೋಯಿತು. "ಸಸಿ ಬರುವುದು ಇಲ್ಲಿಂದ" ಎಂದರು.

ನಿನ್ನೆ ಮತ್ತೆ ಕಿರುಪರೀಕ್ಷೆ ಇತ್ತು. ಎಂಡೋಸ್ಪರ್ಮ್ ಬರಲೇ ಇಲ್ಲ, ಪರಾಗಸ್ಪರ್ಶ ಬಂತು. ಅದರಲ್ಲಿ ಐದಕ್ಕೆ ಮೂರು.

ನಿವೃತ್ತ_ಮೇಷ್ಟ್ರು · ಸಂಜೆ 6:32
ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಹುಬ್ಬಳ್ಳಿ_ಚುರುಮುರಿ · ಸಂಜೆ 6:40
ಅವರಿಗೆ ಸಂವಿಧಾನ ಕೇಳಿಸಿಕೊಳ್ಳಲು ಪುರುಸೊತ್ತು ಇದೆಯೇ ಕೇಳಿ.

ಬೆಣ್ಣೆದೋಸೆ_ದಾವಣಗೆರೆ · ಸಂಜೆ 6:44
ಧಾರಾವಾಹಿ ಮುಗಿದ ಮೇಲೆ ಫೋನ್ ಮಾಡಿ. ಶಿರಸಿಯ ಅಣ್ಣ, ಇಲ್ಲಿನ ಮಾರುಕಟ್ಟೆಯಲ್ಲಿ ಒಂದೆಲಗ ಸಿಕ್ಕಿತು. ನೆನಪಿಗಾಗಿ ಅಲ್ಲ, ಊಟಕ್ಕೆ. ತಂಬುಳಿಗೆ ಎಲೆಯನ್ನು ಹುರಿದುಕೊಳ್ಳಬೇಕೋ, ಹಸಿಯಾಗಿಯೇ ರುಬ್ಬಬೇಕೋ?

ಶಿರಸಿಯ_ಅಡಿಕೆ · ಸಂಜೆ 6:51
ಹಸಿಯಾಗಿಯೇ. ಬೇರು ಸಮೇತ ತೊಳೆದು, ಕಾಯಿತುರಿ, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ ಮಜ್ಜಿಗೆಗೆ ಹಾಕಿ. ಇನ್ನೇನೋ ಒಂದು ಹಾಕುತ್ತೇವೆ, ಈಗ ಬಾಯಿಗೆ ಬರುತ್ತಿಲ್ಲ. ಅಮ್ಮನನ್ನು ಕೇಳಿ ಹೇಳುತ್ತೇನೆ.

ಸುಮ್ಮನೆ_ಒಬ್ಬ · ಸಂಜೆ 6:52
ಮೂರು ತಲೆಮಾರು!